ಅರ್ಧ ಮಿಲಿಮೀಟರ್ ದಪ್ಪದ ಬಿಬಿಒ ಹರಳು: ಒಂದು ವರ್ಷ ಬಳಸಿದ ಮೇಲಿನ ವಿಮರ್ಶೆ

ನಮ್ಮ ವಿಶ್ವವಿದ್ಯಾಲಯದ ಲೇಸರ್ ಪ್ರಯೋಗಾಲಯಕ್ಕೆ ಬೀಟಾ ಬೇರಿಯಂ ಬೋರೇಟ್‌ನ ಎರಡು ಹರಳುಗಳು ಬಂದು ಒಂದು ವರ್ಷವಾಯಿತು. ಎರಡರ ಮುಖವೂ ಕಿರುಬೆರಳಿನ ಉಗುರಿನಷ್ಟೇ ಅಗಲ. ಒಂದರ ದಪ್ಪ 2 ಮಿಲಿಮೀಟರ್, ಇನ್ನೊಂದರದು 0.5 ಮಿಲಿಮೀಟರ್. ಬಿಬಿಒ ಎಂಬ ಮೂರಕ್ಷರದಿಂದಲೇ ಗುರುತಿಸಲಾಗುವ ಈ ಬಣ್ಣವಿಲ್ಲದ ಹರಳಿನ ಕೆಲಸವನ್ನು ಒಂದು ವಾಕ್ಯದಲ್ಲಿ ಹೇಳಬಹುದು: 800 ನ್ಯಾನೋಮೀಟರ್ ತರಂಗದೂರದ ಅವಕೆಂಪು ಲೇಸರನ್ನು ಒಂದು ಮುಖದಿಂದ ಒಳಗೆ ಬಿಟ್ಟರೆ, ಅದರ ಒಂದು ಭಾಗ ಇನ್ನೊಂದು ಮುಖದಿಂದ 400 ನ್ಯಾನೋಮೀಟರಿನ ನೇರಳೆ ಬೆಳಕಾಗಿ ಹೊರಬರುತ್ತದೆ. ಇಂಥ ಹರಳನ್ನು ಕೊಳ್ಳಲು ಹೊರಟವರು ಮೊದಲು ನಿರ್ಧರಿಸಬೇಕಾದದ್ದು ಬೆಲೆಯನ್ನಲ್ಲ, ದಪ್ಪವನ್ನು. ಆ ನಿರ್ಧಾರದಲ್ಲಿ ನಾನು ಮಾಡಿದ ತಪ್ಪನ್ನೂ, ಅದನ್ನು ತಿದ್ದಿದ ತೆಳುವಾದ ಹರಳಿನ ಗುಣವನ್ನೂ ದಾಖಲಿಸುವುದೇ ಈ ವಿಮರ್ಶೆಯ ಉದ್ದೇಶ.

ನಮ್ಮಲ್ಲಿರುವ ಟೈಟೇನಿಯಂ ಸಫೈರ್ ಲೇಸರ್ ಒಂದೊಂದು ಸ್ಪಂದದಲ್ಲಿ, ಅಂದರೆ ಬೆಳಕಿನ ಒಂದೊಂದು ಕಿರು ಮಿಡಿತದಲ್ಲಿ, ಸುಮಾರು ಒಂದು ಮಿಲಿಜೌಲ್ ಶಕ್ತಿಯನ್ನು 100 ಫೆಮ್ಟೊಸೆಕೆಂಡ್ ಅವಧಿಯೊಳಗೆ ಹೊರಹಾಕುತ್ತದೆ. ಸೆಕೆಂಡನ್ನು ಸಾವಿರ ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲೊಂದು ಪಾಲು ಒಂದು ಫೆಮ್ಟೊಸೆಕೆಂಡ್. ಒಂದು ಮಿಲಿಜೌಲ್ ಎಂದರೆ ಏನೂ ಅಲ್ಲ, ಒಂದು ಗ್ರಾಂ ತೂಕವನ್ನು ಮೇಜಿನಿಂದ ಹತ್ತು ಸೆಂಟಿಮೀಟರ್ ಮೇಲೆತ್ತುವಷ್ಟು ಕೆಲಸ. ಆದರೆ 100 ಫೆಮ್ಟೊಸೆಕೆಂಡಿನಲ್ಲಿ ಬೆಳಕೇ ಕ್ರಮಿಸುವ ದೂರ ಕೂದಲೆಳೆಯ ದಪ್ಪಕ್ಕಿಂತ ಕಡಿಮೆ, ಕೇವಲ 30 ಮೈಕ್ರೋಮೀಟರ್. ಅಷ್ಟು ಅಲ್ಪಕಾಲದಲ್ಲಿ ಬಿಡುಗಡೆಯಾಗುವ ಅದೇ ಮಿಲಿಜೌಲ್, ಆ ಕ್ಷಣದ ಮಟ್ಟಿಗೆ ಸಾವಿರ ಕೋಟಿ ವ್ಯಾಟ್ ಸಾಮರ್ಥ್ಯಕ್ಕೆ ಸಮ. ಈ ತೀವ್ರತೆಯ ಬೆಳಕು ಹರಳನ್ನು ಹೊಕ್ಕಾಗ, ಅಲ್ಲಿನ ಎಲೆಕ್ಟ್ರಾನುಗಳು ಬೆಳಕಿನ ತಾಳಕ್ಕೆ ಸರಿಯಾಗಿ ತೂಗುವುದನ್ನು ಬಿಟ್ಟು ಒಂದು ಬದಿಗೆ ಹೆಚ್ಚು, ಇನ್ನೊಂದು ಬದಿಗೆ ಕಡಿಮೆ ವಾಲತೊಡಗುತ್ತವೆ. ಆ ಅಸಮತೂಕದ ತೂಗಾಟದಿಂದಲೇ ಇಮ್ಮಡಿ ಆವೃತ್ತಿಯ ಹೊಸ ಬೆಳಕು ಹುಟ್ಟುತ್ತದೆ. ವಸ್ತುವಿನ ಪ್ರತಿಕ್ರಿಯೆ ಬೆಳಕಿನ ಪ್ರಮಾಣಕ್ಕೆ ನೇರ ಅನುಪಾತದಲ್ಲಿರದ ಇಂಥ ಸಂದರ್ಭಗಳನ್ನು ಅಭ್ಯಸಿಸುವ ಅರೇಖೀಯ ದ್ಯುತಿವಿಜ್ಞಾನವೆಂಬ ಶಾಖೆಯ ಮೊದಲ ಪಾಠವೇ ಇದು.

ಈ ಪಾಠವನ್ನು ಮೊದಲು ಕಂಡದ್ದು 1961ರಲ್ಲಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ. ಪೀಟರ್ ಫ್ರಾಂಕೆನ್ ಮತ್ತು ಸಂಗಡಿಗರು ಆಗಷ್ಟೇ ಬಂದಿದ್ದ ರೂಬಿ ಲೇಸರಿನ 694.3 ನ್ಯಾನೋಮೀಟರ್ ಬೆಳಕನ್ನು ಕ್ವಾರ್ಟ್ಜ್ ಹರಳಿನ ಮೇಲೆ ಕೇಂದ್ರೀಕರಿಸಿ, ಅದರ ಅರ್ಧ ತರಂಗದೂರದ ನೇರಳಾತೀತ ಬೆಳಕಿನ ಒಂದು ಸಣ್ಣ ಚುಕ್ಕೆಯನ್ನು ಛಾಯಾಚಿತ್ರ ಫಲಕದ ಮೇಲೆ ಹಿಡಿದರು. ಆ ಚುಕ್ಕೆಯನ್ನು ಪತ್ರಿಕೆಯವರು ಕೊಳೆಯೆಂದು ಭಾವಿಸಿ ಅಳಿಸಿಬಿಟ್ಟದ್ದರಿಂದ, ಮುದ್ರಿತ ಪ್ರಬಂಧದ ಚಿತ್ರದಲ್ಲಿ ಬಾಣದ ಗುರುತು ಮಾತ್ರ ಉಳಿದು, ಅದು ತೋರಿಸಬೇಕಿದ್ದ ಚುಕ್ಕೆಯೇ ಇಲ್ಲವಾಯಿತೆಂಬ ಕಥೆಯನ್ನು ಈ ವಿಷಯ ಕಲಿಸುವ ಅಧ್ಯಾಪಕರು ಇಂದಿಗೂ ಹೇಳುತ್ತಾರೆ. ಚುಕ್ಕೆ ಅಷ್ಟು ಮಂಕಾಗಿದ್ದುದರಲ್ಲಿ ಆಶ್ಚರ್ಯವಿಲ್ಲ. ಹರಳಿನೊಳಗೆ ಮೂಲ ಬೆಳಕೂ ಹೊಸ ಬೆಳಕೂ ಬೇರೆಬೇರೆ ವೇಗದಲ್ಲಿ ಸಾಗುವುದರಿಂದ, ಒಂದೆಡೆ ಹುಟ್ಟಿದ ಅಲೆಯನ್ನು ಇನ್ನೊಂದೆಡೆ ಹುಟ್ಟಿದ ಅಲೆ ಅಳಿಸಿಹಾಕುತ್ತದೆ.

ಬಿಬಿಒದಂಥ ಹರಳಿಗೆ ಹಣ ಕೊಡುವುದು ಈ ತೊಡಕಿನ ಪರಿಹಾರಕ್ಕಾಗಿಯೇ. ಹರಳಿನ ಅಕ್ಷಕ್ಕೂ ಬೆಳಕಿನ ದಾರಿಗೂ ನಡುವಣ ಕೋನ ಸರಿಯಾಗಿ 29.2 ಡಿಗ್ರಿ ಇದ್ದಾಗ, ಒಂದು ಧ್ರುವೀಕರಣದ (ಅಲೆ ತೂಗುವ ದಿಕ್ಕಿನ) 800 ನ್ಯಾನೋಮೀಟರ್ ಬೆಳಕಿಗೂ ಅದಕ್ಕೆ ಲಂಬವಾದ ಧ್ರುವೀಕರಣದ 400 ನ್ಯಾನೋಮೀಟರ್ ಬೆಳಕಿಗೂ ವಕ್ರೀಭವನ ಸೂಚ್ಯಂಕ, ಅಂದರೆ ಹರಳಿನೊಳಗೆ ಅಲೆಯ ವೇಗ ಎಷ್ಟು ಪಟ್ಟು ತಗ್ಗುತ್ತದೆಂದು ಹೇಳುವ ಸಂಖ್ಯೆ, ಒಂದೇ ಆಗುತ್ತದೆ, ಸುಮಾರು 1.66. ಇದನ್ನೇ ಫೇಸ್ ಮ್ಯಾಚಿಂಗ್ ಎನ್ನುವುದು. ತಯಾರಕರು ಹರಳನ್ನು ಆ ಕೋನಕ್ಕೇ ಕತ್ತರಿಸಿ ಕಳಿಸುತ್ತಾರೆ. ಬಳಸುವವರು ತಿರುಗುಪೀಠದ ಮೇಲಿಟ್ಟು ಅತ್ತಿತ್ತ ತುಸು ಹೊರಳಿಸಿದರೆ, ಏನೂ ಇಲ್ಲದ ಬಿಳಿ ಕಾಗದದ ಮೇಲೆ ನೇರಳೆ ಚುಕ್ಕೆಯೊಂದು ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಮೊದಲ ಸಲ ಇದನ್ನು ನೋಡುವಾಗ ಪ್ರಯೋಗಾಲಯದಲ್ಲಿ ಮಾತು ನಿಂತುಹೋಗುವುದನ್ನು ನಾನು ಪ್ರತಿ ಬಾರಿಯೂ ಗಮನಿಸಿದ್ದೇನೆ.

ಈಗ ನನ್ನ ತಪ್ಪಿನ ವಿಷಯ. ಫೆಮ್ಟೊಸೆಕೆಂಡಿಗಿಂತ ಹತ್ತು ಲಕ್ಷ ಪಟ್ಟು ದೀರ್ಘವಾದ ನ್ಯಾನೋಸೆಕೆಂಡಿನ ಲೇಸರುಗಳ ಜೊತೆ ಹಲವು ವರ್ಷ ಕೆಲಸ ಮಾಡಿದ್ದ ನನಗೆ, ಹರಳು ದಪ್ಪವಾದಷ್ಟೂ ಬೆಳಕು ಹೆಚ್ಚು ಎಂಬ ಲೆಕ್ಕ ರೂಢಿಯಾಗಿತ್ತು. ಆ ಲೆಕ್ಕದಲ್ಲೇ 2 ಮಿಲಿಮೀಟರಿನದನ್ನು ಮುಖ್ಯ ಕೆಲಸಕ್ಕೆಂದೂ, ಅರ್ಧ ಮಿಲಿಮೀಟರಿನದನ್ನು ಸ್ಪಂದದ ಅವಧಿ ಅಳೆಯುವ ಚಿಕ್ಕ ಕೆಲಸಕ್ಕೆಂದೂ ತರಿಸಿದೆ. ಫೆಮ್ಟೊಸೆಕೆಂಡ್ ಲೋಕದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲೆಗಳ ಹೊಂದಾಣಿಕೆ ಸರಿಯಾಗಿದ್ದರೂ ಸ್ಪಂದಗಳು ಒಟ್ಟಿಗೆ ಸಾಗುವುದಿಲ್ಲ: ಬಿಬಿಒ ಒಳಗೆ ಪ್ರತಿ ಮಿಲಿಮೀಟರಿಗೂ ನೇರಳೆ ಸ್ಪಂದ ಅವಕೆಂಪು ಸ್ಪಂದಕ್ಕಿಂತ ಸುಮಾರು 190 ಫೆಮ್ಟೊಸೆಕೆಂಡ್ ಹಿಂದೆ ಬೀಳುತ್ತದೆ. ಅರ್ಧ ಮಿಲಿಮೀಟರಿನಲ್ಲಿ ಈ ಅಂತರ ಹೆಚ್ಚುಕಡಿಮೆ ನಮ್ಮ ಸ್ಪಂದದ ಅವಧಿಯಷ್ಟೇ. 2 ಮಿಲಿಮೀಟರಿನಲ್ಲಿ ಅದು ಸುಮಾರು ನಾಲ್ಕು ಪಟ್ಟು. ಜಾತ್ರೆಯಲ್ಲಿ ತೇರು ಮುಂದೆ ಹೋದ ಮೇಲೂ ಹಿಂದೆ ಉಳಿದ ಜನ ಬೀದಿಯುದ್ದಕ್ಕೂ ಹರಡಿಕೊಂಡಿರುವಂತೆ, ದಪ್ಪ ಹರಳಿನಿಂದ ಹೊರಬಂದ ನೇರಳೆ ಸ್ಪಂದ ಕಾಲದಲ್ಲಿ ಎಳೆದು ಹಿಗ್ಗಿರುತ್ತದೆ, ಅದರ ರೋಹಿತ, ಅಂದರೆ ಅದರಲ್ಲಿರುವ ತರಂಗದೂರಗಳ ಹರವು, ಕಿರಿದಾಗಿರುತ್ತದೆ. ವಸ್ತುವೊಂದರಲ್ಲಿ ಎಲೆಕ್ಟ್ರಾನುಗಳು ಉದ್ರೇಕಗೊಂಡು ತಣಿಯುವ ಪರಿಯನ್ನು ಫೆಮ್ಟೊಸೆಕೆಂಡುಗಳ ನಿಖರತೆಯಲ್ಲಿ ನೋಡಬೇಕೆಂದಿದ್ದ ನಮಗೆ ಅಂಥ ಹಿಗ್ಗಿದ ಸ್ಪಂದದಿಂದ ಉಪಯೋಗವಿರಲಿಲ್ಲ. ಮೊದಲ ಎರಡು ತಿಂಗಳು ನಾವು ಅಳೆದದ್ದು ವಸ್ತುವಿನ ಗುಣವನ್ನಲ್ಲ, ನಮ್ಮದೇ ಹರಳಿನ ದಪ್ಪವನ್ನು ಎಂದು ತಿಳಿಯುವ ಹೊತ್ತಿಗೆ ಟಿಪ್ಪಣಿ ಪುಸ್ತಕದ ಅರ್ಧ ತುಂಬಿತ್ತು.

ತೆಳುವಾದ ಹರಳಿಗೆ ಬದಲಾಯಿಸಿದ ದಿನದಿಂದ ಈ ತೊಂದರೆ ತೀರಿತು. ಇನ್ನೂ ಒಂದು ಅನುಕೂಲ ಕಂಡಿತು: ಬಿಬಿಒ ಒಳಗೆ ನೇರಳೆ ಬೆಳಕಿನ ಶಕ್ತಿ ಅವಕೆಂಪು ಕಿರಣದ ದಾರಿಯಿಂದ ಸುಮಾರು 4 ಡಿಗ್ರಿ ಓರೆಯಾಗಿ ಹರಿಯುತ್ತದೆ, ಆದ್ದರಿಂದ ಕಿರಣವನ್ನು ಕಿರಿದಾಗಿಸಿದಾಗ ದಪ್ಪ ಹರಳಿನ ನೇರಳೆ ಚುಕ್ಕೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ತೆಳುವಾದುದರಲ್ಲಿ ದುಂಡಾಗಿಯೇ ಉಳಿಯುತ್ತದೆ. ಕೋನದ ವಿಷಯದಲ್ಲೂ ತೆಳುವಾದ ಹರಳು ಹೆಚ್ಚು ಕ್ಷಮಾಶೀಲ. ದಪ್ಪದ್ದನ್ನು ಕೂರಿಸುವಾಗ ತಿರುಪಿನ ಮೇಲೆ ಬೆರಳು ನಡುಗಿದರೂ ಬೆಳಕು ಮಾಯವಾಗುತ್ತಿತ್ತು.

ಹರಳು ನಿಜಕ್ಕೂ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಕಿರಣದ ದಾರಿಯಲ್ಲಿ ಅರ್ಧದಷ್ಟು ಬೆಳಕನ್ನು ತಡೆಯುವ ಶೋಧಕವನ್ನು ಇಟ್ಟಾಗ, ನೇರಳೆ ಬೆಳಕು ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಇಳಿಯಬೇಕು, ಏಕೆಂದರೆ ಅದು ತೀವ್ರತೆಯ ವರ್ಗವನ್ನು ಅನುಸರಿಸುತ್ತದೆ. ಕಡಿಮೆ ತೀವ್ರತೆಯಲ್ಲಿ ನಮ್ಮ ಹರಳು ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿತು. ತೀವ್ರತೆ ಏರಿಸುತ್ತ ಹೋದಂತೆ ಮೂಲ ಬೆಳಕೇ ಸವೆಯತೊಡಗುವುದರಿಂದ ರೇಖೆ ಬಾಗುತ್ತದೆ, ಅದು ದೋಷವಲ್ಲ.

ಇನ್ನು ದೂರುಗಳು. ಹರಳನ್ನು ಕಳಿಸಿದ ಮಾರಾಟಗಾರರು ಲೋಹದ ಉಂಗುರದ ಮೇಲೆ ಅಕ್ಷದ ದಿಕ್ಕನ್ನು ಗುರುತಿಸಿರಲಿಲ್ಲ. ಕೇಳಲು ಇದು ಅಲ್ಪ ವಿಷಯವೆನಿಸಬಹುದು. ಆದರೆ ಹರಳನ್ನು ಕಿರಣದ ಸುತ್ತ ತಪ್ಪು ದಿಕ್ಕಿನಲ್ಲಿ ತಿರುಗಿಸಿಟ್ಟರೆ ಬೆಳಕು ಸ್ವಲ್ಪವೂ ಹುಟ್ಟುವುದಿಲ್ಲ, ಹುಟ್ಟದಿರಲು ಕಾರಣ ಕೋನವೋ, ದಿಕ್ಕೋ, ಲೇಸರೋ ಎಂಬುದು ಹೊಸಬರಿಗೆ ತಿಳಿಯುವುದಿಲ್ಲ. ಒಂದು ಸಣ್ಣ ಗೀರು ಹಾಕಿದ್ದರೆ ನಮ್ಮ ಮೂರು ದಿನ ಉಳಿಯುತ್ತಿತ್ತು. ಪತ್ರ ಬರೆದಾಗ ಬಂದ ಉತ್ತರ ಸೌಜನ್ಯದಿಂದ ಕೂಡಿತ್ತು, ಉಪಯೋಗ ಮಾತ್ರ ಆಗಲಿಲ್ಲ. ಪೊಟ್ಟಣದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಚೀಲವನ್ನು ಇಡದೆ ಕಳಿಸಿದ್ದಂತೂ ಕ್ಷಮಿಸಲಾಗದ್ದು.

ಏಕೆಂದರೆ ಬಿಬಿಒ ನಿಧಾನವಾಗಿ ತೇವ ಹೀರುವ ಹರಳು, ನಾವಿರುವುದು ಕರಾವಳಿಯಲ್ಲಿ. ಆಷಾಢದ ಮಳೆಗೆ ಕಪಾಟಿನ ಪುಸ್ತಕಗಳೇ ಬೂಸ್ಟು ಹಿಡಿಯುವ ಊರಿನಲ್ಲಿ, ಲೇಪನವಿಲ್ಲದ ಒಂದು ಹಳೆಯ ಬಿಬಿಒವನ್ನು ಮೇಜಿನ ಮೇಲೆಯೇ ಬಿಟ್ಟು ಅದರ ಹೊಳಪು ಮಾಸಿದ್ದನ್ನು ಹಿಂದೆ ಕಂಡಿದ್ದೇವೆ. ಆ ತಪ್ಪು ನಮ್ಮದೇ. ಈ ಬಾರಿ ರಕ್ಷಣಾ ಲೇಪನವುಳ್ಳದ್ದನ್ನೇ ಕೇಳಿ ತರಿಸಿದೆವು, ಕೆಲಸ ಮುಗಿದೊಡನೆ ಒಣಪೆಟ್ಟಿಗೆಯಲ್ಲಿಡುವ ನಿಯಮ ಮಾಡಿದೆವು. ಮಳೆಗಾಲವೊಂದು ಪೂರ್ತಿ ಕಳೆದರೂ ಎರಡೂ ಹರಳುಗಳ ಮುಖ ತಿಳಿಯಾಗಿವೆ.

ಬೆಲೆ ದುಬಾರಿಯೆಂಬ ಆಕ್ಷೇಪವನ್ನು ನಾನು ಪೂರ್ತಿ ಒಪ್ಪಲಾರೆ. ಚೀನಾದ ಫೂಜಿಯಾನ್ ಸಂಸ್ಥೆಯಲ್ಲಿ ಚೆನ್ ಚುವಾಂಗ್‌ಟಿಯಾನ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಅರೇಖೀಯ ಹರಳಾಗಿ ಬೆಳಕಿಗೆ ತಂದ ಈ ವಸ್ತುವನ್ನು ಕರಗಿಸಿ ನೇರವಾಗಿ ಎರಕ ಹೊಯ್ದಂತೆ ಬೆಳೆಸಲಾಗದು. ಸುಮಾರು 925 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಅದು ಅಸಮ್ಮಿತಿ ಇಲ್ಲದ, ಆವೃತ್ತಿ ಇಮ್ಮಡಿಸಲು ಬಾರದ ಇನ್ನೊಂದು ರೂಪ ತಾಳುತ್ತದೆ. ಆದ್ದರಿಂದ ದ್ರಾವಕವೊಂದರಲ್ಲಿ ಕರಗಿಸಿ, ಆ ತಾಪಕ್ಕಿಂತ ಕೆಳಗೆ ಬಹಳ ನಿಧಾನವಾಗಿ ಬೆಳೆಸಬೇಕಾಗುತ್ತದೆ. ಬದಲಿಗೆ ಕೊಳ್ಳಬಹುದಾದ ಹರಳುಗಳೂ ಇವೆ. ಕೆಡಿಪಿ (ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್) ಅಗ್ಗ, ಬೃಹತ್ ಗಾತ್ರದಲ್ಲಿ ಸಿಗುತ್ತದೆ, ಆದರೆ ಆವೃತ್ತಿ ಇಮ್ಮಡಿಸುವ ಅದರ ಬಲ, ಅಂದರೆ ಅರೇಖೀಯ ಗುಣಾಂಕ, ಬಿಬಿಒದ ಒಂದು ಸಣ್ಣ ಪಾಲಿನಷ್ಟೇ. ಹಸಿರು ಲೇಸರ್ ಪಾಯಿಂಟರುಗಳ ಒಳಗೆ ಅಡಗಿ ಕುಳಿತಿರುವ ಕೆಟಿಪಿ (ಪೊಟ್ಯಾಸಿಯಂ ಟೈಟನೈಲ್ ಫಾಸ್ಫೇಟ್) 532 ನ್ಯಾನೋಮೀಟರ್ ಹಸಿರಿಗೆ ಅತ್ಯುತ್ತಮ, 400ರ ನೇರಳೆಗೆ ಅನುಪಯುಕ್ತ. ನಮ್ಮ ನೆರೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಚಾಲ್ಕೋನ್ ವರ್ಗದ ಸಾವಯವ ಹರಳುಗಳನ್ನು ಬೆಳೆಸಿ ಅವುಗಳ ಅರೇಖೀಯ ಗುಣಗಳನ್ನು ಅಳೆಯುವ ಸಂಶೋಧನೆ ನಡೆದಿದೆ. ಅಂಥವು ಅಧ್ಯಯನದ ವಸ್ತುವಾಗಿ ಸ್ವಾರಸ್ಯಕರ, ದಿನನಿತ್ಯದ ಉಪಕರಣವಾಗಿ ತೀವ್ರ ಬೆಳಕನ್ನು ತಾಳಿಕೊಳ್ಳುವುದರಲ್ಲಿ ಬಿಬಿಒಗೆ ಸಾಟಿಯಾಗುವುದು ಕಷ್ಟ.

ಕೊಳ್ಳುವವರು ಹರಳಿನ ಜೊತೆಗೆ 800 ಮತ್ತು 400 ನ್ಯಾನೋಮೀಟರ್ ಎರಡನ್ನೂ ತಡೆಯುವ ಕನ್ನಡಕಕ್ಕೂ ಹಣ ತೆಗೆದಿಡಬೇಕು. 800 ನ್ಯಾನೋಮೀಟರ್ ಕಣ್ಣಿಗೆ ಬಹಳ ಮಂಕಾದ ಕೆಂಪಾಗಿ ಕಾಣುತ್ತದೆ, ಅದರ ಅಪಾಯವಿರುವುದೇ ಅಲ್ಲಿ.

ನಮ್ಮ ಅನುಭವದಲ್ಲಿ 100 ಫೆಮ್ಟೊಸೆಕೆಂಡ್ ಸ್ಪಂದಗಳಿಗೆ ಅರ್ಧ ಮಿಲಿಮೀಟರ್ ಹರಳು ಸರಿಯಾದ ಆಯ್ಕೆ. 30 ಫೆಮ್ಟೊಸೆಕೆಂಡಿನ ಲೇಸರ್ ಉಳ್ಳವರು ಅದಕ್ಕಿಂತಲೂ ತೆಳುವಾದದ್ದನ್ನು ಕೇಳಬೇಕು. ಐದರಲ್ಲಿ ಹರಳಿಗೆ ನಾಲ್ಕೂವರೆ, ಮಾರಾಟಗಾರರ ಸೇವೆಗೆ ಎರಡು ಅಂಕ ಕೊಡುತ್ತೇನೆ. 2 ಮಿಲಿಮೀಟರಿನ ಹರಳನ್ನು ಪಕ್ಕದ ಕೋಣೆಯ ನ್ಯಾನೋಸೆಕೆಂಡ್ ಲೇಸರಿಗೆ ವರ್ಗಾಯಿಸಿದ್ದೇವೆ. ಅಲ್ಲಿನ 1064 ನ್ಯಾನೋಮೀಟರ್ ಬೆಳಕಿಗೆ ಬೇಕಾದ ಕೋನ 22.8 ಡಿಗ್ರಿ, ಹರಳು ಕತ್ತರಿಸಿರುವುದು 29.2ಕ್ಕೆ, ಹಾಗಾಗಿ ಅದನ್ನು ಪೀಠದ ಮೇಲೆ ಹತ್ತೂವರೆ ಡಿಗ್ರಿಯಷ್ಟು ಓರೆಯಾಗಿ ಕೂರಿಸಬೇಕಾಯಿತು, ಲೇಪನ ಆ ತರಂಗದೂರಕ್ಕೆ ಹೊಂದದೆ ಸ್ವಲ್ಪ ಬೆಳಕು ಮುಖದಿಂದಲೇ ಹಿಮ್ಮರಳುತ್ತದೆ. ಅಲ್ಲಿ ಸ್ಪಂದಗಳು ಹಿಂದೆ ಬೀಳುವ ಪ್ರಶ್ನೆಯೇ ಇಲ್ಲ, ವಾರಕ್ಕೆರಡು ದಿನ ವಿದ್ಯಾರ್ಥಿಗಳು ಅದರಿಂದ ಸೊಗಸಾದ ಹಸಿರು ಬೆಳಕನ್ನು ಪಡೆಯುತ್ತಿದ್ದಾರೆ.