ಡೊಮೈನ್ ಬದಲಾಯಿಸಿಕೊಟ್ಟವರು ‘ಡಿಸ್ಕ್ ಸಾಲದು’ ಅಂದರೆ ನಂಬಬೇಡಿ

ಫೈಲ್ ಸರ್ವರನ್ನು ಹಳೇ ಡೊಮೈನಿನಿಂದ (ಆಫೀಸಿನ ಎಲ್ಲರ ಲಾಗಿನ್ ಒಂದೇ ಕಡೆ ನೋಡಿಕೊಳ್ಳುವ ವ್ಯವಸ್ಥೆ) ಹೊಸದಕ್ಕೆ ಸೇರಿಸುವ ಕೆಲಸವನ್ನು ಹೊರಗಿನವರಿಗೆ ಕೊಡುವ ಯೋಚನೆ ಇದೆಯಾ? ಇದನ್ನು ಓದಿ, ಆಮೇಲೆ ಕೊಡಿ. ನಮಗೆ ಮೋಸ ಆಗಿದೆ. ಮೋಸ ಅಂತಲೇ ಹೇಳುತ್ತೇನೆ.

ನಮ್ಮದು ಲಿನಕ್ಸ್ ಸರ್ವರ್, ಅದರಲ್ಲಿ ಸಾಂಬಾ, ಅಂದರೆ ವಿಂಡೋಸ್ ಕಂಪ್ಯೂಟರುಗಳಿಗೆ ಫೋಲ್ಡರ್ ಹಂಚಿಕೊಡುವ ಸಾಫ್ಟ್‌ವೇರ್. ಪ್ರತಿಯೊಬ್ಬರಿಗೂ ಜಾಗದ ಮಿತಿ, ಅಂದರೆ ಕೋಟಾ, ಇದೆ: ಸಾಫ್ಟ್ ಲಿಮಿಟ್ (ಸ್ವಲ್ಪ ದಿನ ದಾಟಬಹುದು) 18 ಜಿಬಿ, ಹಾರ್ಡ್ ಲಿಮಿಟ್ (ದಾಟಲೇ ಆಗದು) 20. ಡೊಮೈನ್ ಬದಲಾದ ದಿನ ಎಲ್ಲರೂ ಲಾಗಿನ್ ಆದರು, ಫೋಲ್ಡರ್‌ಗಳೂ ತೆರೆದುಕೊಂಡವು. ಕೆಲಸ ಮಾಡಿದವರು ‘ಎಲ್ಲಾ ಓಕೆ ಸರ್’ ಅಂತ ಸಹಿ ಹಾಕಿಸಿಕೊಂಡು, ಪೂರ್ತಿ ಹಣ ತೆಗೆದುಕೊಂಡು ಹೋದರು.

ಒಂದು ವಾರ ಕಳೆದ ಮೇಲೆ ಅಕೌಂಟ್ಸ್ ಮೇಡಂಗೆ ಫೈಲ್ ಸೇವ್ ಆಗುವುದು ನಿಂತಿತು. ಕೋಟಾ ಮುಗಿದಿದೆ ಅಂತ ಬರುತ್ತಿತ್ತು. ಅವರ ಹತ್ತಿರ ಇರುವುದೇ ಎಕ್ಸೆಲ್ ಶೀಟು, ಒಂದಿಷ್ಟು ಪಿಡಿಎಫ್!

ಡೊಮೈನ್ ಬದಲಾಯಿಸಿದವರಿಗೆ ಫೋನ್ ಮಾಡಿದೆ. ‘ಯೂಸರ್ ಜಾಸ್ತಿ ತುಂಬಿಸಿಕೊಂಡಿದ್ದಾರೆ ಸರ್, ಡಿಲೀಟ್ ಮಾಡೋಕೆ ಹೇಳಿ.’ ಮೇಡಂ ಕೂತು ಹಳೇ ವರ್ಷಗಳ ಫೈಲು ಅಳಿಸಿದರು. ಒಂದು ಎಂಬಿ ಕೂಡ ಇಳಿಯಲಿಲ್ಲ. ‘ರಿಸೈಕಲ್ ಬಿನ್ ಖಾಲಿ ಮಾಡಿ ಸರ್.’ ಅದೂ ಆಯ್ತು. ಇಳಿಯಲಿಲ್ಲ. ಕೊನೆಗೆ ಎಲ್ಲರೂ ಇದ್ದ ಮೀಟಿಂಗಿನಲ್ಲೇ, ಮೇಡಂ ಎದುರಿಗೇ, ‘ಕೆಲವರಿಗೆ ಫೈಲ್ ಇಟ್ಟುಕೊಳ್ಳೋ ಶಿಸ್ತು ಇರಲ್ಲ, ಹೊಸ ಡಿಸ್ಕ್ ಹಾಕಿಸಿಬಿಡಿ’ ಅಂದರು. ಡಿಸ್ಕ್ ಅರ್ಧ ಖಾಲಿ ಇದೆಯಲ್ಲ ಅಂದರೆ ‘ಮುಂದಕ್ಕೆ ಬೇಕಾಗುತ್ತೆ ಸರ್’. ಆ ಮೇಡಂ ಮುಖ ನೋಡೋಕೆ ನನಗೆ ನಾಚಿಕೆ ಆಯಿತು.

ಅವತ್ತು ಸಂಜೆ ನಾನೇ ಸರ್ವರ್ ಮುಂದೆ ಕೂತೆ. ಓನರ್ ಹೆಸರಿನ ಜಾಗದಲ್ಲಿ ನಂಬರ್ ಬರುವ ಹಾಗೆ ‘ಎಲ್‌ಎಸ್’ ಕಮಾಂಡ್ ಕೊಟ್ಟು ಮೇಡಂ ಫೋಲ್ಡರ್ ನೋಡಿದೆ. ಅವರ ಹಳೇ ಫೈಲುಗಳ ಓನರ್ 10012. ಹೊಸ ಡೊಮೈನಿನಲ್ಲಿ ಅವರ ನಂಬರ್ 10005. ಹಳೇ ಪಟ್ಟಿಯಲ್ಲಿ 10005 ಯಾರದು? ವಿಡಿಯೋ ಎಡಿಟ್ ಮಾಡುವ ಹುಡುಗನದು! ಅವನ ಅಷ್ಟೂ ವಿಡಿಯೋ ಮೇಡಂ ಲೆಕ್ಕಕ್ಕೆ ಬಿದ್ದಿತ್ತು. ‘ರೆಪ್‌ಕೋಟಾ’ (ಯಾರು ಎಷ್ಟು ಜಾಗ ಬಳಸಿದ್ದಾರೆ ಅಂತ ತೋರಿಸುವ ಕಮಾಂಡ್) ಕೊಟ್ಟರೆ ಅದೇ ಚಿತ್ರ, ಅರ್ಧಕ್ಕರ್ಧ ಜನರ ಲೆಕ್ಕ ಅದಲುಬದಲು.

ಲಿನಕ್ಸ್ ಕೋಟಾಕ್ಕೆ ಹೆಸರು ಗೊತ್ತಿಲ್ಲ, ಅದು ನೋಡುವುದು ಪ್ರತಿ ಯೂಸರಿಗೆ ಸರ್ವರ್ ಕೊಡುವ ಯುಐಡಿ ನಂಬರ್ ಮಾತ್ರ. ಇವರು ವಿನ್‌ಬೈಂಡ್‌ನ (ಡೊಮೈನಿನ ಯೂಸರುಗಳಿಗೆ ಈ ನಂಬರ್ ಹಂಚುವ ಸಾಂಬಾದ ಭಾಗ) ಹಳೇ ನಂಬರ್ ಪಟ್ಟಿ ಅಳಿಸಿ, ಮತ್ತೆ ಅದೇ 10000ದಿಂದ ಶುರು ಮಾಡಿದ್ದರು. ಯಾರು ಮೊದಲು ಕಾಣಿಸಿಕೊಂಡರೋ ಅವರಿಗೆ ಮೊದಲ ನಂಬರ್. ಹಾಗಾಗಿ ಮೇಡಂ ಅಳಿಸಿದ ಹಳೇ ಫೈಲುಗಳ ಜಾಗ ಉಳಿದದ್ದು ಈಗ 10012 ಸಿಕ್ಕಿರುವ ಬೇರೆ ಯಾರಿಗೋ. ಒಂದು ವಾರ ಸುಮ್ಮನಿದ್ದಿದ್ದೂ ಇದಕ್ಕೇ: ಸಾಫ್ಟ್ ಲಿಮಿಟ್ ದಾಟಿದ ಮೇಲೆ ಸಾಮಾನ್ಯವಾಗಿ 7 ದಿನ ಗಡುವು ಇರುತ್ತದೆ. ಅಷ್ಟರೊಳಗೆ ಸಹಿ, ಹಣ ಎರಡೂ ಮುಗಿದಿತ್ತು.

ಓನರ್ ಬೇರೆಯಾದರೂ ಫೋಲ್ಡರ್ ಹೇಗೆ ತೆರೆಯಿತು? ಇದು ಇನ್ನೂ ಹೊಟ್ಟೆ ಉರಿಸುವ ವಿಷಯ. ಎಲ್ಲದಕ್ಕೂ 777 ಪರ್ಮಿಷನ್ ಕೊಟ್ಟು ಹೋಗಿದ್ದರು. ಸಂಬಳದ ಫೈಲುಗಳೂ ಸೇರಿ ಯಾರು ಬೇಕಾದರೂ ತೆರೆಯಬಹುದಿತ್ತು.

ಇಷ್ಟನ್ನೂ ತೋರಿಸಿ ಕೇಳಿದೆ. ಬಂದ ಉತ್ತರ: ‘ಮೈಗ್ರೇಷನ್ ಅಂದಮೇಲೆ ಓನರ್ ಬದಲಾಗುತ್ತೆ ಸರ್, ಗೊತ್ತಿರೋದೇ. ಅದನ್ನ ಸರಿ ಮಾಡೋದು ಬೇರೆ ಕೆಲಸ, ಬೇರೆ ಬಿಲ್ ಆಗುತ್ತೆ.’ ಗೊತ್ತಿರೋದೇ! ಗೊತ್ತಿದ್ದೂ ಡಿಲೀಟ್ ಮಾಡಿ ಅಂದರು, ಗೊತ್ತಿದ್ದೂ ಡಿಸ್ಕ್ ಮಾರೋಕೆ ಬಂದರು.

ನೀವು ಕೆಲಸ ಕೊಡುವ ಮೊದಲೇ ಯಾರಿಗೆ ಯಾವ ಯುಐಡಿ ಅನ್ನುವ ಪಟ್ಟಿ, ರೆಪ್‌ಕೋಟಾ ವರದಿ ಎರಡನ್ನೂ ತೆಗೆದು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಹೊಸ ನಂಬರುಗಳು ಹಳೆಯವಕ್ಕೆ ತಾಗದ ಬೇರೆ ಸಾಲಿನಿಂದ ಶುರುವಾಗಲಿ. ತಾಗಿದರೆ ‘ಚೌನ್’ (ಓನರ್ ಬದಲಿಸುವ ಕಮಾಂಡ್) ಕೊಡುವಾಗ ಒಬ್ಬರ ಫೈಲು ಇನ್ನೊಬ್ಬರದರ ಜೊತೆ ಕಲಸಿಹೋಗುತ್ತದೆ, ಆಮೇಲೆ ಬೇರ್ಪಡಿಸೋಕೆ ದಾರಿಯೇ ಇರಲ್ಲ. ಓನರ್ ಸರಿಪಡಿಸುವುದು, ಕೋಟಾ ಹೊಸ ನಂಬರಿಗೆ ಹಾಕುವುದು ಒಪ್ಪಂದದಲ್ಲೇ ಬರೆದಿರಲಿ. ಆ 7 ದಿನದ ಗಡುವು ದಾಟುವವರೆಗೂ ಸಹಿ ಹಾಕಬೇಡಿ. ಕಾರಣ ಗೊತ್ತಾಗುವ ತನಕ ಯಾರ ಕೈಯಲ್ಲೂ ಒಂದು ಫೈಲನ್ನೂ ಅಳಿಸಲು ಬಿಡಬೇಡಿ.

ಮೇಡಂ ಅಳಿಸಿದ್ದರಲ್ಲಿ ಕೆಲವು ಬ್ಯಾಕಪ್‌ನಲ್ಲೂ ಸಿಗಲಿಲ್ಲ. ಅದರ ಬಗ್ಗೆ ಕಳಿಸಿದ ಮೇಲ್‌ಗೆ ಅವರಿಂದ ಇವತ್ತಿನವರೆಗೂ ಉತ್ತರ ಇಲ್ಲ.