60,000 ಐಯು ವಿಟಮಿನ್ ಡಿ3 ಪುಡಿ: ಮೂರು ವರ್ಷ ಬಳಸಿದ ಮೇಲೆ

ಮೆಟ್ಟಿಲು ಹತ್ತಿದರೆ ತೊಡೆ ಸೋಲುತ್ತಿತ್ತು, ಸೊಂಟ ನೋವು ಬೇರೆ. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ಮಿಲಿಲೀಟರಿಗೆ 11 ನ್ಯಾನೊಗ್ರಾಂ ಬಂತು. 20ಕ್ಕಿಂತ ಕೆಳಗಿದ್ದರೆ ಕೊರತೆ ಅಂತ ಲೆಕ್ಕ. 60,000 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ಇರುವ ಈ ಪುಡಿಯ ಪೊಟ್ಟಣ ವಾರಕ್ಕೊಂದು, 8 ವಾರ. ಆಮೇಲೆ ತಿಂಗಳಿಗೊಂದು ಅಂತ ಡಾಕ್ಟರು ಬರೆದುಕೊಟ್ಟರು. ಇವತ್ತಿಗೂ ತಿಂಗಳಿಗೊಂದೇ.

ಗುಣ ಕಂಡಿದೆ. ಎರಡನೇ ತಿಂಗಳ ಹೊತ್ತಿಗೆ ತೊಡೆಯ ಸೋಲು ಹೋಯಿತು, ಮುಂದಿನ ಪರೀಕ್ಷೆಯಲ್ಲಿ 36 ಬಂತು. ಸೊಂಟ ನೋವು ಮಾತ್ರ ಹಾಗೇ ಇದೆ, ಅದಕ್ಕೆ ಕಾರಣ ಬೇರೆ. ಪುಡಿ ಹಾಲಿನಲ್ಲಿ ಪೂರ್ತಿ ಕರಗುವುದಿಲ್ಲ. ತಳದಲ್ಲಿ ಉಳಿದದ್ದಕ್ಕೆ ಇನ್ನೆರಡು ಗುಟುಕು ಹಾಲು ಹಾಕಿ ಕುಡಿಯಬೇಕು. ಇದು ಜಿಡ್ಡಿನಲ್ಲಿ ಕರಗುವ ವಿಟಮಿನ್, ಹಾಗಾಗಿ ಖಾಲಿ ಹೊಟ್ಟೆಗಿಂತ ಊಟವಾದ ಮೇಲೆ ತೆಗೆದುಕೊಂಡರೆ ಮೈಗೆ ಚೆನ್ನಾಗಿ ಹತ್ತುತ್ತದೆ.

ನಾನು ಇದನ್ನು ಬರೆಯಲು ಕೂತದ್ದು ಪ್ರಮಾಣದ ವಿಷಯ ಹೇಳಬೇಕೆಂದೇ. ದೊಡ್ಡವರಿಗೆ ದಿನಕ್ಕೆ 600 ಐಯು ಸಾಕು, 4,000 ಮೀರಬಾರದು ಅನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಪಟ್ಟಿ. ಅಂದರೆ ಈ ಪುಟ್ಟ ಪೊಟ್ಟಣದಲ್ಲಿರುವುದು ನೂರು ದಿನದ್ದು! ವಾರಕ್ಕೊಂದು ತಗೊಂಡರೆ ದಿನಕ್ಕೆ 8,500ರ ಮೇಲಾಯಿತು. ಕೊರತೆ ತುಂಬುವಷ್ಟು ದಿನ, ಡಾಕ್ಟರು ಹೇಳಿದ್ದರೆ, ಅದು ಸರಿ. ವರ್ಷಗಟ್ಟಲೆ ಹಾಗೇ ಮುಂದುವರಿಸುವುದು ಖಂಡಿತ ಬೇಡ. ತಿಂಗಳಿಗೊಂದಾದರೆ ದಿನಕ್ಕೆ 2,000 ಬೀಳುತ್ತದೆ, ಮಿತಿಯೊಳಗೇ ಇರುತ್ತದೆ.

ಸಿ ವಿಟಮಿನ್ ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ. ಡಿ ಹಾಗಲ್ಲ, ಮೈಯ ಕೊಬ್ಬಿನಲ್ಲಿ ಕೂರುತ್ತದೆ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಬಾಯಾರಿಕೆ, ಮಲಬದ್ಧತೆ, ವಾಂತಿ ಶುರುವಾಗುತ್ತದೆ, ಕಿಡ್ನಿಗೂ ಪೆಟ್ಟು. ನಮ್ಮ ಬೀದಿಯ ಹಿರಿಯರೊಬ್ಬರು ಇದನ್ನೇ ದಿನಕ್ಕೊಂದು ಕುಡಿಯುತ್ತಿದ್ದರು. ಶಕ್ತಿಯ ಪುಡಿ ಅಂದುಕೊಂಡಿದ್ದರಂತೆ. ಕೊನೆಗೆ ಆಸ್ಪತ್ರೆ ಸೇರಿದರು. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಪೊಟ್ಟಣದ ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ‘ದಿನಾ ಕುಡಿಯಬೇಡಿ’ ಅಂತ ಇದ್ದಿದ್ದರೆ ಅಷ್ಟು ಸಂಕಟ ಪಡುತ್ತಿರಲಿಲ್ಲ. ಈ ಒಂದು ಕಾರಣಕ್ಕೇ ನಾನು ಐದಕ್ಕೆ ನಾಲ್ಕು ಸ್ಟಾರ್ ಕೊಡುವುದು.

ಇನ್ನೊಂದು ಮಾತು: ಕ್ಯಾಲ್ಸಿಯಂ ಮಾತ್ರೆ, ಮಲ್ಟಿವಿಟಮಿನ್‌ಗಳಲ್ಲೂ ಡಿ3 ಸೇರಿಸಿರುತ್ತಾರೆ. ಮನೆಯಲ್ಲಿರುವ ಎಲ್ಲದರ ಚೀಟಿ ಓದಿ, ಕೂಡಿಸಿ ನೋಡಿ. ಕಿಡ್ನಿಯಲ್ಲಿ ಕಲ್ಲಾಗಿದ್ದವರು, ಬಸುರಿಯರು ಕೇಳದೆ ಮುಟ್ಟಬೇಡಿ. ಕೊರತೆಯೇ ಇಲ್ಲದ ಆರೋಗ್ಯವಂತರಿಗೆ ಈ 60,000ದ ಪೊಟ್ಟಣ ಬೇಕಿಲ್ಲ. ತೆಗೆದುಕೊಳ್ಳಲೇಬೇಕೆಂದಿದ್ದರೆ ಮೆಡಿಕಲ್ ಶಾಪಿನಲ್ಲಿ ದಿನದ ಸಣ್ಣ ಪ್ರಮಾಣದ ಮಾತ್ರೆ ಸಿಗುತ್ತದೆ, ಅದನ್ನು ಕೇಳಿ.