ಟಾಕೀಸೋ, ಮಲ್ಟಿಪ್ಲೆಕ್ಸೋ, ಮನೆಯೋ? ಒಂದೇ ಸಿನಿಮಾ ಮೂರು ಕಡೆ ನೋಡಿದ ಮೇಲೆ

‘ಸು ಫ್ರಮ್ ಸೋ’ ಅನ್ನುವ ಹಾಸ್ಯ ಸಿನಿಮಾವನ್ನು ನಾನು ಮೂರು ಸಲ ನೋಡಿದೆ. ಮೊದಲು ಮಲ್ಟಿಪ್ಲೆಕ್ಸ್‌ನಲ್ಲಿ, ಆಮೇಲೆ ಸಿಂಗಲ್ ಸ್ಕ್ರೀನ್ ಟಾಕೀಸಿನಲ್ಲಿ, ಕೊನೆಗೆ ಮನೆಯ ಟಿವಿಯಲ್ಲಿ. ವಿಮರ್ಶೆ ಬರೆದದ್ದು ಮೊದಲ ಸಲ ನೋಡಿದ ಸಂಜೆಯೇ. ಇಂಟರ್ವಲ್ ಆದ ಮೇಲೆ ಸಿನಿಮಾ ಅಲ್ಲಲ್ಲಿ ಎಳೆಯುತ್ತದೆ ಅಂತ ಅದರಲ್ಲಿ ಬರೆದಿದ್ದೆ. ಟಾಕೀಸಿನಲ್ಲಿ ಕೂತು ಆ ಎಳೆತವನ್ನು ಹುಡುಕಿದೆ. ಸಿಗಲಿಲ್ಲ.

ಯಾಕೆ ಹೀಗಾಯಿತು ಅಂತ ಹೇಳುತ್ತೇನೆ. ಸಿನಿಮಾ ಬಿಡುಗಡೆಯಾದದ್ದು 2025ರ ಜುಲೈ 25ಕ್ಕೆ. ಜೆ.ಪಿ. ತುಮಿನಾಡು ಅವರ ಮೊದಲ ನಿರ್ದೇಶನ. ದೊಡ್ಡ ಸ್ಟಾರ್ ಹೀರೋ ಇಲ್ಲ, ಕಟೌಟ್ ಇಲ್ಲ. ನಾನು ಹೋದ ಬೆಳಗಿನ ಶೋನಲ್ಲಿ ಮೂವತ್ತು ಜನ ಇದ್ದರೆ ಹೆಚ್ಚು, ಅವರೂ ಒಬ್ಬೊಬ್ಬರು ಒಂದೊಂದು ಮೂಲೆ. ನಗು ಬರುತ್ತಿತ್ತು, ಆದರೆ ಪಕ್ಕದಲ್ಲಿ ಯಾರೂ ಇಲ್ಲದಾಗ ನಾವು ಬಾಯಿ ಬಿಟ್ಟು ನಗುವುದಿಲ್ಲ ಅಲ್ವಾ? ಸುಮ್ನೆ ಮೂಗಲ್ಲೇ ನಕ್ಕು ಮುಂದಿನ ಮಾತಿಗೆ ಕಾಯುತ್ತೇವೆ. ಹಾಸ್ಯ ಬರೆಯುವವರು ಒಂದು ಮಾತಿನ ಹಿಂದೆ ಜನ ನಗಲಿ ಅಂತ ಎರಡು ಮೂರು ಕ್ಷಣ ಜಾಗ ಬಿಟ್ಟಿರುತ್ತಾರೆ. ಹಾಲ್ ಖಾಲಿ ಇದ್ದರೆ ಆ ಜಾಗ ಖಾಲಿಯಾಗಿಯೇ ಉಳಿಯುತ್ತದೆ. ಅದನ್ನೇ ನಾನು ಎಳೆತ ಅಂತ ತಿಳಿದುಕೊಂಡಿದ್ದೆ.

ಹತ್ತು ದಿನ ಬಿಟ್ಟು ಟಾಕೀಸಿಗೆ ಹೋದೆ. ಅಷ್ಟರಲ್ಲಿ ಬಾಯಿಂದ ಬಾಯಿಗೆ ಸುದ್ದಿ ಹರಡಿ ಶೋಗಳು ಜಾಸ್ತಿಯಾಗಿದ್ದವು. ಕೌಂಟರಿನಲ್ಲಿ ನಿಂತು ಬಾಲ್ಕನಿ ಟಿಕೆಟ್ ತೆಗೆದುಕೊಂಡೆ, 150 ರೂಪಾಯಿ. ಹಿಂದಿನ ಸಾಲಿನಲ್ಲಿ ಮಂಗಳೂರು ಕಡೆಯವರೊಬ್ಬರು ಕೂತಿದ್ದರು, ತಮ್ಮ ಹೆಂಡತಿಗೆ ಅಲ್ಲಿಯ ಕನ್ನಡದ ಒಂದೊಂದು ಮಾತನ್ನೂ ಬಿಡಿಸಿ ಹೇಳುತ್ತಿದ್ದರು. ಬೇರೆ ದಿನ ಆಗಿದ್ದರೆ ತಿರುಗಿ ನೋಡುತ್ತಿದ್ದೆ. ಅವತ್ತು ಕಿವಿ ಕೊಟ್ಟು ಕೇಳಿದೆ, ಯಾಕೆಂದರೆ ನನಗೂ ಅರ್ಧ ಅರ್ಥವಾಗಿರಲಿಲ್ಲ. ರಾಜ್ ಬಿ. ಶೆಟ್ಟಿ ಸ್ವಾಮಿಯಾಗಿ ಬಂದಾಗ ಗಾಂಧಿ ಕ್ಲಾಸಿನಿಂದ ಎದ್ದ ನಗು ಬಾಲ್ಕನಿಗೆ ಮುಟ್ಟುವಷ್ಟರಲ್ಲಿ ಮುಂದಿನ ಮಾತು ಮುಗಿದೇ ಹೋಗಿತ್ತು. ಆ ಮಾತು ಏನು ಅಂತ ಗೊತ್ತಾದದ್ದು ಮನೆಯಲ್ಲಿ ನೋಡಿದಾಗ. ಆದರೂ ಮೂರರಲ್ಲಿ ನನಗೆ ತುಂಬಾ ಖುಷಿ ಕೊಟ್ಟದ್ದು ಆ ಸಂಜೆಯೇ.

ಹಾಗಂತ ಟಾಕೀಸೇ ಮೇಲು ಅಂತ ಕಣ್ಣು ಮುಚ್ಚಿ ಹೇಳಲಾರೆ. 2023ರ ಸೆಪ್ಟೆಂಬರಿನಲ್ಲಿ ‘ಸಪ್ತ ಸಾಗರದಾಚೆ ಎಲ್ಲೋ’ ಮೊದಲ ಭಾಗ ನೋಡಲು ನಾನು ಹೋಗಿದ್ದು ಒಂದು ಹಳೆಯ ಟಾಕೀಸಿಗೆ. ಪ್ರೊಜೆಕ್ಟರ್ ಬೆಳಕು ಮಂಕಾಗಿತ್ತು. ಆ ಭಾಗಕ್ಕೆ ನೀಲಿ, ಎರಡನೆಯದಕ್ಕೆ ಕೆಂಪು ಅಂತ ಬಣ್ಣದಲ್ಲೇ ಕಥೆ ಹೇಳಲು ಹೊರಟ ಸಿನಿಮಾ ಅದು. ನನಗೆ ಕಂಡದ್ದು ಬೂದಿ ಬಣ್ಣ. ನಾಯಕ ಮನು, ನಾಯಕಿ ಪ್ರಿಯಾ ಪಿಸುಮಾತು ಆಡುವಾಗ ಸ್ಪೀಕರ್ ಗರಗರ ಅನ್ನುತ್ತಿತ್ತು, ಮುಂದಿನ ಸಾಲಿನ ಹುಡುಗರು ಫೈಟ್ ಯಾವಾಗ ಅಂತ ಕೇಳುತ್ತಿದ್ದರು. ಎರಡನೇ ವಾರ ಮಲ್ಟಿಪ್ಲೆಕ್ಸಿನಲ್ಲಿ ಮತ್ತೆ ನೋಡಿದೆ. ಚರಣ್ ರಾಜ್ ಅವರ ಸಂಗೀತ ನಿಂತ ಮೇಲಿನ ಮೌನವೂ ಕೇಳಿಸಿತು. ಪ್ರಿಯಾ ಆಗಿರುವ ರುಕ್ಮಿಣಿ ವಸಂತ್ ಅವರ ಕಣ್ಣು ತುಂಬಿಕೊಳ್ಳುವುದು ಕಾಣಿಸಿತು. ಮೌನವೇ ಮುಖ್ಯವಾದ ಸಿನಿಮಾಕ್ಕೆ ಮಲ್ಟಿಪ್ಲೆಕ್ಸೇ ಸರಿ, ಇದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ ದುಡ್ಡು? ಭಾನುವಾರ ಇಬ್ಬರು ಹೋಗಿ, ಒಂದು ಪಾಪ್‌ಕಾರ್ನ್ ತಗೊಂಡು ಬಂದರೆ ಸಾವಿರ ರೂಪಾಯಿ ದಾಟುತ್ತದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ತೆರಿಗೆ ಬಿಟ್ಟು 200 ರೂಪಾಯಿಗಿಂತ ಜಾಸ್ತಿ ಟಿಕೆಟ್ ದರ ಇರಬಾರದು ಅಂತ ಆದೇಶ ಹೊರಡಿಸಿದಾಗ ನಾನು ನಿಜಕ್ಕೂ ಸಂತೋಷಪಟ್ಟೆ, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಜಾಹೀರಾತಿನ ಕಾಟ ಬೇರೆ. ಸಿನಿಮಾಕ್ಕೆ ಮೊದಲು ಸುಮಾರು 25 ನಿಮಿಷ ಜಾಹೀರಾತು ತೋರಿಸಿದರು ಅಂತ ಬೆಂಗಳೂರಿನ ಪ್ರೇಕ್ಷಕರೊಬ್ಬರು ಗ್ರಾಹಕ ನ್ಯಾಯಾಲಯಕ್ಕೇ ಹೋದರು. 2025ರ ಫೆಬ್ರವರಿಯಲ್ಲಿ ಅವರ ಪರ ತೀರ್ಪು ಬಂತು, ಅದಕ್ಕೂ ಆಮೇಲೆ ತಡೆ ಬಿತ್ತು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಮನಸ್ಸು ಹದ ಮಾಡಿಕೊಂಡು ಹೋದವನಿಗೆ ಅರ್ಧ ಗಂಟೆ ಗುಟ್ಕಾ, ಚಿನ್ನದಂಗಡಿ ತೋರಿಸಿದರೆ ಸಿನಿಮಾ ಶುರುವಾಗುವ ಮೊದಲೇ ತಲೆ ಬಿಸಿಯಾಗಿರುತ್ತದೆ.

ಇನ್ನು ಮನೆ. 2025ರ ಸೆಪ್ಟೆಂಬರ್ 9ಕ್ಕೆ ‘ಸು ಫ್ರಮ್ ಸೋ’ ಜಿಯೋಹಾಟ್‌ಸ್ಟಾರಿಗೆ ಬಂತು. ಎರಡು ಗಂಟೆ ಹದಿನೇಳು ನಿಮಿಷದ ಸಿನಿಮಾ ನೋಡಲು ನನಗೆ ಎರಡು ರಾತ್ರಿ ಬೇಕಾಯಿತು. ಕುಕ್ಕರ್ ಕೂಗಿತು, ಫೋನ್ ಬಂತು, ಯಾರೋ ಬಾಗಿಲು ತಟ್ಟಿದರು. ನಗು ಬರಲೇ ಇಲ್ಲ. ಆದರೆ ಬರವಣಿಗೆ ಎಷ್ಟು ಗಟ್ಟಿ ಅಂತ ಗೊತ್ತಾದದ್ದು ಮನೆಯಲ್ಲೇ, ಹಿಂದಕ್ಕೆ ಹೋಗಿ ಒಂದೇ ದೃಶ್ಯವನ್ನು ನಾಲ್ಕು ಸಲ ನೋಡಬಹುದಿತ್ತಲ್ಲ. ಎರಡನೇ ಸಲ ನೋಡುವುದಕ್ಕೆ ಮನೆ ಒಳ್ಳೆಯದು. ಇಲ್ಲವಾದರೆ ತಪ್ಪಿಸಿಕೊಂಡದ್ದನ್ನು ಹಿಡಿಯುವುದಕ್ಕೆ: ರಂಗಾಯಣ ರಘು ಮಲೆನಾಡಿನ ಹೋಟೆಲ್ ಸುಬ್ಬಣ್ಣನಾಗಿ ಮಾಡಿದ ‘ಶಾಖಾಹಾರಿ’ಯನ್ನು ನಾನು ಹೊರಡುವಷ್ಟರಲ್ಲಿ ನಮ್ಮ ಕಡೆಯ ಥಿಯೇಟರಿನಿಂದ ತೆಗೆದಿದ್ದರು, ಮನೆಯಲ್ಲೇ ನೋಡಬೇಕಾಯಿತು. ಮನೆಗೆ ಬಂದೇ ಬರುತ್ತೆ ಬಿಡಿ ಅಂತ ಕೂರುವುದೂ ತಪ್ಪು. ಕನ್ನಡವನ್ನು ಕೊಳ್ಳಲು ಓಟಿಟಿಯವರು ಹಿಂದೆ ಮುಂದೆ ನೋಡುತ್ತಾರೆ. ‘ಏಕಂ’ ವೆಬ್ ಸರಣಿಯನ್ನು ಯಾರೂ ತೆಗೆದುಕೊಳ್ಳದೆ 2024ರ ಜುಲೈನಲ್ಲಿ ಮಾಡಿದವರೇ ಸ್ವಂತ ವೆಬ್‌ಸೈಟ್ ಕಟ್ಟಿ ತೋರಿಸಿದರು.

ಹಾಗಾಗಿ ಯಾರಾದರೂ ಕೇಳಿದರೆ ನನ್ನ ಉತ್ತರ ಇಷ್ಟೇ. ನಗಿಸುವ ಸಿನಿಮಾ, ದೈವ ದೆವ್ವದ ಸಿನಿಮಾ, ಜಾತ್ರೆಯ ಹಾಗೆ ನೋಡುವಂಥದ್ದು ಟಾಕೀಸಿಗೆ, ಅದೂ ಶನಿವಾರ ಸಂಜೆ. ಮೆಲ್ಲಗೆ ಮಾತಾಡುವ ಸಿನಿಮಾಕ್ಕೆ ಮಲ್ಟಿಪ್ಲೆಕ್ಸ್, ವಾರದ ನಡುವೆ ಬೆಳಗಿನ ಶೋ, ರೇಟೂ ಕಡಿಮೆ. ಬೇಗ ಹೋಗಿ ಅಂತಲೂ ಹೇಳುತ್ತೇನೆ. ಬೆಂಗಳೂರಿನ ಕಪಾಲಿ ಟಾಕೀಸು 2017ರಲ್ಲೇ ಮುಚ್ಚಿತು, ಸದಾಶಿವನಗರದ ಕಡೆಯ ಕಾವೇರಿ 1974ರಿಂದ ಐವತ್ತು ವರ್ಷ ನಡೆದು 2024ರಲ್ಲಿ ಬಾಗಿಲು ಹಾಕಿತು. ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ಈಗಲೂ ಯಾವ ಸಿನಿಮಾ ಅಂತ ನೋಡಲು ಕತ್ತು ತಿರುಗುತ್ತದೆ.

ಈಗ ನನ್ನ ಪ್ರತಿ ವಿಮರ್ಶೆಯ ಮೊದಲ ಸಾಲಿನಲ್ಲಿ ಎಲ್ಲಿ, ಯಾವ ಶೋ, ಎಷ್ಟು ಜನ ಅಂತ ಬರೆಯುತ್ತೇನೆ. ‘ಸು ಫ್ರಮ್ ಸೋ’ ವಿಮರ್ಶೆಯ ಎಳೆತದ ಮಾತನ್ನು ಅಳಿಸಿಲ್ಲ. ಅದರ ಕೆಳಗೆ ಆ ಟಾಕೀಸಿನ ಸಂಜೆಯ ಬಗ್ಗೆ ನಾಲ್ಕು ಸಾಲು ಸೇರಿಸಿದ್ದೇನೆ.